‘ಟ್ವೆಲ್ಫ್ತ್ ನೈಟ್’: ಪಾತ್ರ ಮತ್ತು ವಸ್ತುವನ್ನು ಬಿಡಿಸಿ ಓದುವುದು ಹೇಗೆ

ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ಪಠ್ಯವಾಗಿ ಬಂದಾಗ ಹೆಚ್ಚಿನವರು ಮೊದಲು ಹುಡುಕುವುದು ವಸ್ತುಗಳ ಪಟ್ಟಿಯನ್ನು: ಪ್ರೇಮ, ವೇಷಾಂತರ, ಹುಚ್ಚು, ಅಂತಸ್ತು. ಪಟ್ಟಿ ಸಿಕ್ಕ ಮೇಲೆ ಅದಕ್ಕೆ ಹೊಂದುವ ಸಾಲುಗಳನ್ನು ನಾಟಕದಿಂದ ಆರಿಸಿ ಅಂಟಿಸುತ್ತಾರೆ. ಹೀಗೆ ಮಾಡಿದರೆ ಎಲ್ಲರ ಉತ್ತರವೂ ಒಂದೇ ಆಗುತ್ತದೆ, ನಾಟಕ ಮಾತ್ರ ಕೈಗೆ ಸಿಗುವುದಿಲ್ಲ. ಇಲ್ಲಿ ಹೇಳುವ ಕ್ರಮ ಇದಕ್ಕೆ ತಿರುವುಮುರುವು. ಮೊದಲು ಪ್ರತಿ ಪಾತ್ರ ತನ್ನ ಬಗ್ಗೆ ಏನು ನಂಬಿಕೊಂಡಿದೆ ಎಂದು ನೋಡಿ. ಆ ನಂಬಿಕೆಗೂ ಅದು ಮಾಡುವ ಕೆಲಸಕ್ಕೂ ಎಲ್ಲಿ ತಾಳ ತಪ್ಪುತ್ತದೆ ಎಂದು ಗುರುತು ಹಾಕಿ. ಈ ನಾಟಕದ ವಸ್ತು ಇರುವುದು ಅಲ್ಲೇ.

ಹಿನ್ನೆಲೆ ಇಷ್ಟು ಸಾಕು. ನಾಟಕ 1601ರ ಸುಮಾರಿನದು. ಪ್ರದರ್ಶನದ ಮೊದಲ ದಾಖಲೆ 1602ರ ಫೆಬ್ರವರಿ 2ರದು. ಲಂಡನ್ನಿನ ಮಿಡ್ಲ್ ಟೆಂಪಲ್‌ನಲ್ಲಿ ಕಾನೂನು ಓದುತ್ತಿದ್ದ ಜಾನ್ ಮ್ಯಾನಿಂಗ್‌ಹ್ಯಾಮ್ ಅದನ್ನು ನೋಡಿ ದಿನಚರಿಯಲ್ಲಿ ಬರೆದಿಟ್ಟ. ಅವನು ಹೊಗಳಿದ್ದು ಪ್ರೇಮಕಥೆಯನ್ನಲ್ಲ, ಮನೆಯ ಪಾರುಪತ್ಯಗಾರನಿಗೆ ಹುಸಿ ಪತ್ರ ಕಳಿಸಿ ಮರುಳು ಮಾಡಿದ ಪ್ರಸಂಗವನ್ನು. ಮುಂದೆ ದೊರೆ ಮೊದಲನೆಯ ಚಾರ್ಲ್ಸ್ ಕೂಡ ತನ್ನ ಪ್ರತಿಯಲ್ಲಿ ನಾಟಕದ ಹೆಸರಿನ ಪಕ್ಕ ಆ ಪಾರುಪತ್ಯಗಾರನ ಹೆಸರನ್ನು, ‘ಮಾಲ್ವೋಲಿಯೋ’ ಎಂದು ಬರೆದುಕೊಂಡ. ಉಪಕಥೆ ಎಂದು ನಾವು ಪಕ್ಕಕ್ಕೆ ಸರಿಸುವ ಭಾಗವೇ ಆ ಕಾಲದ ನೋಡುಗರಿಗೆ ಹೆಚ್ಚು ಹಿಡಿಸಿತ್ತು ಎಂಬುದು ಇವೆರಡರಿಂದಲೂ ತಿಳಿಯುತ್ತದೆ. ಹೆಸರಿನಲ್ಲಿರುವ ರಾತ್ರಿ ಕ್ರಿಸ್‌ಮಸ್‌ನ ಹನ್ನೆರಡು ದಿನಗಳ ಹಬ್ಬ ಮುಗಿಯುವ ರಾತ್ರಿ. ಆಳು ಯಜಮಾನನಾಗುವ, ಕುಡಿತ ಕುಣಿತಗಳಿಗೆ ತಡೆಯಿಲ್ಲದ ಆ ದಿನಗಳು ಮುಗಿದ ಮರುದಿನವೇ ಎಲ್ಲ ಹಳೆಯ ಕ್ರಮಕ್ಕೆ ಮರಳಬೇಕು. ಹಬ್ಬ ಮುಗಿಯುವುದಿದೆ ಎಂಬ ಅರಿವು ನಾಟಕದ ಉದ್ದಕ್ಕೂ ಇದೆ.

ಪ್ರತಿ ಆರಿಸಿಕೊಳ್ಳುವುದು

ನಾಟಕ ಮೊದಲು ಅಚ್ಚಾದದ್ದು ಶೇಕ್ಸ್‌ಪಿಯರನ ನಾಟಕಗಳ ಸಂಗ್ರಹವಾದ 1623ರ ಫಸ್ಟ್ ಫೋಲಿಯೋದಲ್ಲಿ. ಅದಕ್ಕೂ ಹಿಂದಿನ ಮುದ್ರಣವಿಲ್ಲದ ಕಾರಣ ‘ಹ್ಯಾಮ್ಲೆಟ್’ನಲ್ಲಿರುವಷ್ಟು ಪಾಠಾಂತರದ ತೊಡಕು ಇಲ್ಲಿಲ್ಲ. ಆರ್ಡನ್, ಆಕ್ಸ್‌ಫರ್ಡ್, ಫೋಲ್ಜರ್ ಮುದ್ರಣಗಳಲ್ಲಿ ಯಾವುದಾದರೂ ಆದೀತು, ಆದರೆ ಒಂದಕ್ಕೇ ಅಂಟಿಕೊಳ್ಳಿ. ಈ ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಗದ್ಯ. ಗದ್ಯದ ಸಾಲು ಪುಟದ ಅಗಲಕ್ಕೆ ತಕ್ಕಂತೆ ಒಡೆಯುತ್ತದೆ, ಹಾಗಾಗಿ ಸಾಲಿನ ಸಂಖ್ಯೆ ಒಂದು ಮುದ್ರಣದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಎರಡು ಪ್ರತಿಗಳಿಂದ ಟಿಪ್ಪಣಿ ಮಾಡಿಕೊಂಡರೆ ಬರೆಯುವ ಹೊತ್ತಿಗೆ ಯಾವ ಸಾಲೂ ಸಿಗದು. ಅಂಕ ಮತ್ತು ದೃಶ್ಯದ ಸಂಖ್ಯೆಯನ್ನಂತೂ ತಪ್ಪದೆ ಬರೆದುಕೊಳ್ಳಿ. ಕೆಳಗೆ 1.5 ಎಂದರೆ ಒಂದನೆಯ ಅಂಕ, ಐದನೆಯ ದೃಶ್ಯ.

ಕಥಾಸಾರದ ಪುಸ್ತಕಗಳನ್ನು ನಂಬಿ ಕೂರಬೇಡಿ. ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ ಮಕ್ಕಳಿಗಾಗಿ ಬರೆದ 1807ರ ಕಥಾರೂಪದಲ್ಲಿ ಮಾಲ್ವೋಲಿಯೋನ ಪ್ರಸಂಗವೇ ಇಲ್ಲ. ಅದನ್ನಷ್ಟೇ ಓದಿದವರು ಅರ್ಧ ನಾಟಕ ಓದಿದಂತೆ. ಸಿನಿಮಾ ನೋಡುವುದು ಒಳ್ಳೆಯದೇ, ಆದರೆ ಮೊದಲ ಓದಿನ ನಂತರ. 1996ರಲ್ಲಿ ಟ್ರೆವರ್ ನನ್ ಮಾಡಿದ ಚಿತ್ರ ಹಡಗು ಒಡೆಯುವುದರಿಂದ ಶುರುವಾಗುತ್ತದೆ. ಶೇಕ್ಸ್‌ಪಿಯರ್ ಶುರು ಮಾಡುವುದು ಸಂಗೀತ ಕೇಳುತ್ತ ಕೂತ ಡ್ಯೂಕನಿಂದ. ಪ್ರೇಮದ ಸುಸ್ತನ್ನು ಮೊದಲು ತೋರಿಸಿ ನಿಜವಾದ ಸಾವುನೋವನ್ನು ಆಮೇಲೆ ತಂದದ್ದರಲ್ಲೇ ಒಂದು ಅರ್ಥವಿದೆ, ದೃಶ್ಯಗಳ ಕ್ರಮ ಬದಲಾದರೆ ಅದು ಕಾಣುವುದಿಲ್ಲ.

ಮೊದಲ ಓದು: ಎರಡು ಮನೆ, ಒಂದು ಹಾಳೆ

ಐದು ಅಂಕ, ಹದಿನೆಂಟು ದೃಶ್ಯ. ಎರಡು ಬೈಠಕ್‌ನಲ್ಲಿ ಮುಗಿಸಿ, ಎರಡನೆಯ ಅಂಕದ ಕೊನೆಗೆ ನಿಲ್ಲಿಸಿದರೆ ಸರಿಹೋಗುತ್ತದೆ. ಕಠಿಣ ಪದಕ್ಕೆಲ್ಲ ಟಿಪ್ಪಣಿ ನೋಡಬೇಡಿ. ಕುಡುಕ ಟೋಬಿ ಮತ್ತು ವಿದೂಷಕ ಫೆಸ್ಟಿಯ ಮಾತಿನ ಚಮತ್ಕಾರಗಳಲ್ಲಿ ಕೆಲವು ವಿದ್ವಾಂಸರಿಗೂ ಪೂರ್ತಿ ಬಗೆಹರಿದಿಲ್ಲ, ಅಲ್ಲಿ ಸಿಕ್ಕಿಹಾಕಿಕೊಂಡು ಓದು ನಿಲ್ಲಿಸಿದವರೇ ಹೆಚ್ಚು.

ಒಂದು ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ಇಲ್ಲೀರಿಯಾದ ಡ್ಯೂಕ್ ಓರ್ಸೀನೋನ ಮನೆ: ಒಲಿವಿಯಾಳನ್ನು ಬಯಸುವ ಅವನು, ಅವನ ಇಬ್ಬರು ಪರಿವಾರದವರು, ಹಡಗು ಒಡೆದು ದಡ ಸೇರಿ ಗಂಡುಡುಗೆ ತೊಟ್ಟು ‘ಸಿಸಾರಿಯೋ’ ಎಂಬ ಹೆಸರಿನಲ್ಲಿ ಕೆಲಸಕ್ಕೆ ಸೇರಿದ ವಯೋಲ. ಬಲಕ್ಕೆ ಒಲಿವಿಯಾಳ ಮನೆ: ಅವಳು, ಬಂಧು ಸರ್ ಟೋಬಿ ಬೆಲ್ಚ್, ಅವನ ಗೆಳೆಯ ಸರ್ ಆಂಡ್ರ್ಯೂ, ಸಖಿ ಮರಿಯಾ, ಪಾರುಪತ್ಯಗಾರ ಮಾಲ್ವೋಲಿಯೋ, ಫೇಬಿಯನ್, ವಿದೂಷಕ ಫೆಸ್ಟಿ. ಎರಡಕ್ಕೂ ಸೇರದವರನ್ನು ಕೆಳಗೆ ಬರೆಯಿರಿ: ವಯೋಲಳ ಅವಳಿ ಸೆಬಾಸ್ಟಿಯನ್, ಅವನನ್ನು ಸಮುದ್ರದಿಂದ ಕಾಪಾಡಿದ ಆಂಟೋನಿಯೋ. ಯಾರಾದರೂ ಗೆರೆ ದಾಟಿದಾಗಲೆಲ್ಲ ಬಾಣದ ಗುರುತು ಹಾಕಿ. ಎರಡೂ ಮನೆಯಲ್ಲಿ ಸಲೀಸಾಗಿ ಓಡಾಡುವವರು ವಯೋಲ ಮತ್ತು ಫೆಸ್ಟಿ ಮಾತ್ರ ಎಂದು ಬೇಗ ಗೊತ್ತಾಗುತ್ತದೆ. ಬೇರೆಯವರು ತಮ್ಮ ತಮ್ಮ ಭ್ರಮೆಯೊಳಗೆ ಕೂತಿದ್ದಾರೆ, ಇವರಿಬ್ಬರಿಗೆ ಅದು ಹೊರಗಿನಿಂದ ಕಾಣುತ್ತದೆ. 3.1ರಲ್ಲಿ ಫೆಸ್ಟಿಯನ್ನು ನೋಡಿ ‘ಪೆದ್ದನ ಪಾತ್ರ ಆಡುವಷ್ಟು ಜಾಣ ಇವನು’ ಎಂದು ವಯೋಲಳೇ ಹೇಳಲು ಕಾರಣ ಇದು. ಅವಳದೂ ಅದೇ ಕಸುಬು.

ಎರಡನೆಯ ಓದು: ಯಾರಿಗೆ ಏನು ಗೊತ್ತು

ಈಗ ಪ್ರತಿ ದೃಶ್ಯದ ಎದುರು ಯಾವ ಗುಟ್ಟು ಯಾರಿಗೆ ತಿಳಿದಿದೆ ಎಂದು ಬರೆಯಿರಿ. ಮುಖ್ಯ ಗುಟ್ಟು ಮೂರು. ಸಿಸಾರಿಯೋ ಹೆಣ್ಣು ಎಂಬುದು ಹಡಗಿನ ಕಪ್ತಾನನಿಗೆ ಮತ್ತು ನಮಗೆ ಗೊತ್ತು. ಸೆಬಾಸ್ಟಿಯನ್ ಬದುಕಿದ್ದಾನೆ ಎಂಬುದು 2.1ರಲ್ಲೇ ನಮಗೆ ಗೊತ್ತಾಗುತ್ತದೆ. ಒಡತಿಗೆ ತನ್ನ ಮೇಲೆ ಪ್ರೇಮವಿದೆ ಎಂದು ಮಾಲ್ವೋಲಿಯೋನನ್ನು ನಂಬಿಸುವ ಪತ್ರ ಬರೆದದ್ದು ಮರಿಯಾ ಎಂಬುದು ಟೋಬಿಯ ಗುಂಪಿಗೆ ಗೊತ್ತು.

ಎರಡನೆಯದನ್ನು ಗಮನಿಸಿ. ಅಣ್ಣ ಬದುಕಿರುವುದನ್ನು ಕೊನೆಯವರೆಗೆ ಮುಚ್ಚಿಟ್ಟಿದ್ದರೆ ಕುತೂಹಲ ಹೆಚ್ಚುತ್ತಿತ್ತು. ಅಷ್ಟು ಬೇಗ ಹೇಳಿದ್ದರಿಂದ ಆತಂಕ ಇಳಿದು ನಗೆಗೆ ಜಾಗವಾಯಿತು. ಒಲಿವಿಯಾ ಸಿಸಾರಿಯೋನನ್ನು ಬಯಸುವಾಗ ಈ ಗಂಟು ಬಿಚ್ಚಲು ಇನ್ನೊಬ್ಬ ಬರುತ್ತಿದ್ದಾನೆಂದು ನೋಡುಗರಿಗೆ ಗೊತ್ತು. ವಯೋಲಳಿಗೆ ಗೊತ್ತಿಲ್ಲ. ಆದ್ದರಿಂದಲೇ 2.2ರ ಸ್ವಗತದಲ್ಲಿ ಇದನ್ನು ಕಾಲವೇ ಬಿಡಿಸಬೇಕು, ನನ್ನಿಂದಾಗದು ಎಂದು ಅವಳು ಕೈಚೆಲ್ಲುತ್ತಾಳೆ.

ಈ ಓದಿನಲ್ಲಿ ಕೆಲವು ಹೊಂದಾಣಿಕೆಯಾಗದ ಸಂಗತಿಗಳು ಕಣ್ಣಿಗೆ ಬೀಳುತ್ತವೆ. 1.4ರಲ್ಲಿ ಸಿಸಾರಿಯೋ ಕೆಲಸಕ್ಕೆ ಸೇರಿ ಮೂರು ದಿನ, 5.1ರಲ್ಲಿ ಮೂರು ತಿಂಗಳು. 2.3ರಲ್ಲಿ ಪತ್ರದ ತಮಾಷೆ ನೋಡಲು ಮೂರನೆಯವನಾಗಿ ಫೆಸ್ಟಿ ಇರಲಿ ಎಂದು ಮರಿಯಾ ಹೇಳುತ್ತಾಳೆ, 2.5ರಲ್ಲಿ ಬರುವವನು ಫೇಬಿಯನ್. 1.2ರಲ್ಲಿ ಹಾಡಬಲ್ಲೆ ಎನ್ನುವ ವಯೋಲ ಎಲ್ಲೂ ಹಾಡುವುದಿಲ್ಲ, 2.4ರ ಹಾಡು ಫೆಸ್ಟಿಯ ಪಾಲು. ಇವುಗಳಿಂದ ದೊಡ್ಡ ಅರ್ಥ ಹೊರಡಿಸಲು ಹೋಗಬೇಡಿ. ಒಂದು ಸಾಲಿನಲ್ಲಿ ಗುರುತಿಸಿ ಮುಂದೆ ಸಾಗಿ.

ಮೂರನೆಯ ಓದು: ಪದ್ಯವೋ ಗದ್ಯವೋ

ಇದು ಹೆಚ್ಚಿನವರು ಬಿಡುವ ಹೆಜ್ಜೆ, ಪಾತ್ರ ತೆರೆದುಕೊಳ್ಳುವುದು ಮಾತ್ರ ಇಲ್ಲೇ. ಪುಟದಲ್ಲಿ ಸಾಲುಗಳು ಅಂಚಿನವರೆಗೂ ಹೋದರೆ ಗದ್ಯ. ಮುಂಚೆಯೇ ಮುರಿದು, ಪ್ರತಿ ಸಾಲೂ ದೊಡ್ಡಕ್ಷರದಿಂದ ಶುರುವಾದರೆ ಪದ್ಯ. ಅಂಚಿನಲ್ಲಿ ‘ಗ’, ‘ಪ’ ಎಂದು ಬರೆಯುತ್ತ ಹೋಗಿ, ಬದಲಾಗುವ ಜಾಗಕ್ಕೆ ಗೆರೆ ಎಳೆಯಿರಿ.

1.5ರ ಕೊನೆಯ ಭಾಗವನ್ನು ತೆಗೆದುಕೊಳ್ಳಿ. ಡ್ಯೂಕನ ಪರವಾಗಿ ಬಂದ ಸಿಸಾರಿಯೋ ಮತ್ತು ಮುಸುಕು ಹಾಕಿ ಕೂತ ಒಲಿವಿಯಾ ಮೊದಲು ಗದ್ಯದಲ್ಲಿ ಮಾತಿನ ಪಂದ್ಯಕ್ಕೆ ಇಳಿಯುತ್ತಾರೆ. ವಯೋಲ ಮುಖ ತೋರಿಸಲು ಕೇಳುತ್ತಾಳೆ, ಒಲಿವಿಯಾ ಮುಸುಕು ಸರಿಸುತ್ತಾಳೆ. ಆ ಮುಖದ ಚೆಲುವನ್ನು ಒಪ್ಪಿಕೊಳ್ಳುವಾಗ ವಯೋಲಳ ಮಾತು ಪದ್ಯಕ್ಕೆ ಏರುತ್ತದೆ. ಒಲಿವಿಯಾ ಇನ್ನೂ ಗದ್ಯದಲ್ಲೇ ಉಳಿದು ತನ್ನ ಚೆಲುವಿನ ಜಾಬಿತಾ ಒಪ್ಪಿಸುತ್ತಾಳೆ: ತುಟಿ ಎರಡು, ಸಾಧಾರಣ ಕೆಂಪು; ಕಣ್ಣು ಎರಡು, ರೆಪ್ಪೆ ಸಮೇತ; ಕತ್ತು ಒಂದು, ಗದ್ದ ಒಂದು. ನೀವು ಅಹಂಕಾರಿ, ಆದರೂ ಚೆಲುವೆ ಎಂದು ವಯೋಲ ನೇರವಾಗಿ ಹೇಳಿದ ಮೇಲೆ ಒಲಿವಿಯಾ ಕೇಳುವ ಪ್ರಶ್ನೆ, ‘ಅವನು ನನ್ನನ್ನು ಹೇಗೆ ಪ್ರೀತಿಸುತ್ತಾನೆ?’ ಎಂಬುದು. ಅಲ್ಲಿಂದ ಅವಳದೂ ಪದ್ಯ. ಏಳು ವರ್ಷ ಅಣ್ಣನಿಗಾಗಿ ಅಳುತ್ತೇನೆಂದು ಶಪಥ ಮಾಡಿದವಳ ಮನಸ್ಸು ಕದಲಿದ ಜಾಗ ಇದು. ‘ಒಲಿವಿಯಾ ಪ್ರೇಮದಲ್ಲಿ ಬಿದ್ದಳು’ ಎಂದು ಯಾರು ಬೇಕಾದರೂ ಬರೆಯಬಹುದು, ಎಲ್ಲಿ ಬಿದ್ದಳು ಎಂದು ತೋರಿಸಿದರೆ ಅದು ವಿಮರ್ಶೆ.

ಮಾಲ್ವೋಲಿಯೋನ ಮಾತಿಗೂ ಇದೇ ಪರೀಕ್ಷೆ ಮಾಡಿ. ನಾಲ್ಕು ಅಂಕಗಳುದ್ದಕ್ಕೂ ಅವನದು ಗದ್ಯ. ಐದನೆಯ ಅಂಕದಲ್ಲಿ, ಹುಚ್ಚನೆಂದು ಕೂಡಿಹಾಕಿದ್ದ ಕತ್ತಲ ಕೋಣೆಯಿಂದ ಹೊರಬಂದು ಒಡತಿಯ ಎದುರು ನಿಂತು ‘ನನಗೆ ಅನ್ಯಾಯ ಮಾಡಿದ್ದೀರಿ’ ಎನ್ನುವಾಗ ಪದ್ಯದಲ್ಲಿ ಮಾತಾಡುತ್ತಾನೆ. ಅವನ ಮಾತಿಗೆ ಅಷ್ಟು ಘನತೆ ಕೊಟ್ಟು ಶೇಕ್ಸ್‌ಪಿಯರ್ ನಗುತ್ತಿದ್ದವರ ಬಾಯಿ ಕಟ್ಟುತ್ತಾನೆ.

ಪಾತ್ರಗಳನ್ನು ಜೋಡಿಯಾಗಿ ಇಟ್ಟು ನೋಡಿ

ಒಂದೊಂದೇ ಪಾತ್ರದ ಗುಣ ಪಟ್ಟಿ ಮಾಡಿದರೆ ‘ವಯೋಲ ಧೈರ್ಯವಂತೆ, ಓರ್ಸೀನೋ ಭಾವುಕ’ ಎಂಬಲ್ಲಿಗೆ ಮುಗಿಯುತ್ತದೆ. ಒಂದೇ ಸಂಕಟದಲ್ಲಿರುವ ಇಬ್ಬರನ್ನು ಪಕ್ಕಪಕ್ಕ ಇಡಿ.

ವಯೋಲ ಮತ್ತು ಒಲಿವಿಯಾರಿಂದ ಶುರು ಮಾಡುವುದು ಒಳ್ಳೆಯದು. ಇಬ್ಬರಿಗೂ ತಂದೆಯಿಲ್ಲ. ಒಲಿವಿಯಾಳ ಅಣ್ಣ ತೀರಿಹೋಗಿದ್ದಾನೆ, ತನ್ನ ಅಣ್ಣ ಮುಳುಗಿಹೋದನೆಂದು ವಯೋಲ ನಂಬಿದ್ದಾಳೆ. ಒಲಿವಿಯಾ ಮುಸುಕು ಹಾಕಿ ಬಾಗಿಲು ಮುಚ್ಚುತ್ತಾಳೆ. ವಯೋಲ ಬಟ್ಟೆ ಬದಲಿಸಿ ಕೆಲಸ ಹುಡುಕುತ್ತಾಳೆ. ಇಷ್ಟನ್ನು ಎಲ್ಲ ಗೈಡುಗಳೂ ಹೇಳುತ್ತವೆ. 3.4ರ ಕೊನೆಯಲ್ಲಿ ವಯೋಲ ಹೇಳುವ ಮಾತನ್ನೂ ಇದಕ್ಕೆ ಸೇರಿಸಿ: ಅಣ್ಣ ಉಡುತ್ತಿದ್ದ ರೀತಿ, ಬಣ್ಣ, ಅಲಂಕಾರ ಎಲ್ಲವನ್ನೂ ಅನುಕರಿಸುತ್ತಿದ್ದೇನೆ, ಕನ್ನಡಿಯಲ್ಲಿ ಅವನು ಬದುಕಿರುವುದನ್ನು ಕಾಣುತ್ತಿದ್ದೇನೆ ಎನ್ನುತ್ತಾಳೆ. ಅಂದರೆ ಅವಳ ಗಂಡುವೇಷವೂ ಶೋಕದ ಉಡುಪೇ. ಒಬ್ಬಳ ಶೋಕ ಮುಖ ಮುಚ್ಚುತ್ತದೆ, ಇನ್ನೊಬ್ಬಳ ಶೋಕ ಸತ್ತವನ ಮುಖವನ್ನೇ ಹೊತ್ತು ಊರಲ್ಲಿ ತಿರುಗುತ್ತದೆ. ವೇಷಾಂತರದ ಬಗ್ಗೆ ಬರೆಯುವವರು ಈ ಒಂದು ಜಾಗ ಹಿಡಿದರೂ ಸಾಕು, ಉತ್ತರದ ತೂಕವೇ ಬೇರೆಯಾಗುತ್ತದೆ.

ವಯೋಲಳ ಪಾತ್ರವನ್ನು ಆಗ ಆಡುತ್ತಿದ್ದದ್ದು ಹುಡುಗ, ಇಂಗ್ಲಿಷ್ ರಂಗದಲ್ಲಿ ಆಗ ನಟಿಯರಿರಲಿಲ್ಲ. ಹುಡುಗ ಹೆಣ್ಣಾಗಿ, ಆ ಹೆಣ್ಣು ಮತ್ತೆ ಹುಡುಗನಾಗುವುದು ಓದುವಾಗ ಗೋಜಲೆನಿಸಬಹುದು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದು ಸುಲಭವಾಗಿ ದಕ್ಕುತ್ತದೆ: ವೇಷ ಕಟ್ಟಿದವನು ಗಂಡು ಎಂದು ತಿಳಿದೂ ನೋಡುವ ಕಣ್ಣು ರಂಗದ ಮೇಲಿನ ಹೆಣ್ಣನ್ನು ಒಪ್ಪಿಕೊಂಡಿರುತ್ತದೆ. ಲಂಡನ್ನಿನ ನೋಡುಗರೂ ಎರಡನ್ನೂ ಒಟ್ಟಿಗೆ ಕಾಣುತ್ತಿದ್ದರು. ಸಿಸಾರಿಯೋನ ತುಟಿ, ದನಿ ಹೆಣ್ಣಿನಂತಿವೆ ಎಂದು 1.4ರಲ್ಲಿ ಓರ್ಸೀನೋ ಹೇಳುವ ಮಾತಿಗೆ ಆಗ ಮೂರು ಪದರದ ಅರ್ಥವಿತ್ತು.

ಎರಡನೆಯ ಜೋಡಿ ಓರ್ಸೀನೋ ಮತ್ತು ಮಾಲ್ವೋಲಿಯೋ. ಇವರನ್ನು ಜೊತೆಗಿಡಲು ಹಲವರು ಹಿಂಜರಿಯುತ್ತಾರೆ, ಒಬ್ಬ ದೊರೆ, ಒಬ್ಬ ನೌಕರ. ಆದರೆ ಇಬ್ಬರೂ ಒಲಿವಿಯಾಳನ್ನು ಬಯಸುತ್ತಾರೆ, ಇಬ್ಬರಿಗೂ ಅವಳ ಉತ್ತರ ಕೇಳಿಸುವುದಿಲ್ಲ, ಇಬ್ಬರೂ ಪ್ರೀತಿಸುವುದು ತಮ್ಮನ್ನೇ. 2.4ರಲ್ಲಿ ಓರ್ಸೀನೋ ಮೊದಲು ಗಂಡಸರ ಒಲವು ಹೆಂಗಸರದಕ್ಕಿಂತ ಚಂಚಲ ಎನ್ನುತ್ತಾನೆ. ಅದೇ ದೃಶ್ಯದಲ್ಲಿ ಸ್ವಲ್ಪ ಹೊತ್ತಿಗೆ ತನ್ನಷ್ಟು ಪ್ರೇಮ ತಡೆದುಕೊಳ್ಳಲು ಯಾವ ಹೆಣ್ಣಿನ ಹೃದಯಕ್ಕೂ ಆಗದು ಎನ್ನುತ್ತಾನೆ. ತಾಳ ತಪ್ಪುವ ಜಾಗ ಇದು. ಎದುರಿಗೆ ನಿಂತ ವಯೋಲ ಅದಕ್ಕೆ ಉತ್ತರವಾಗಿ ಒಂದು ಕಥೆ ಹೇಳುತ್ತಾಳೆ, ಪ್ರೇಮವನ್ನು ಬಾಯಿಬಿಡದೆ ಸಮಾಧಿಯ ಮೇಲಿನ ಸಹನೆಯ ವಿಗ್ರಹದ ಹಾಗೆ ದುಃಖದೆದುರು ನಸುನಗುತ್ತ ಕೂತ ಹುಡುಗಿಯ ಕಥೆ. ಅವನಿಗೆ ಅದೂ ಅರ್ಥವಾಗುವುದಿಲ್ಲ.

ಮಾಲ್ವೋಲಿಯೋನಿಗೆ 2.5ನ್ನು ನಿಧಾನವಾಗಿ ಓದಿ. ಪತ್ರ ಕೈಗೆ ಸಿಗುವ ಮೊದಲೇ ಅವನು ತೋಟದಲ್ಲಿ ಕನಸು ಕಟ್ಟುತ್ತಿದ್ದಾನೆ: ಮದುವೆಯಾಗಿ ಮೂರು ತಿಂಗಳಾಗಿದೆ, ಕಸೂತಿಯ ಮಖಮಲ್ಲಿನ ನಿಲುವಂಗಿ ತೊಟ್ಟಿದ್ದೇನೆ, ಟೋಬಿಯನ್ನು ಕರೆಸಿ ಕುಡಿತ ಬಿಡು ಎಂದು ಬುದ್ಧಿ ಹೇಳುತ್ತಿದ್ದೇನೆ. ಆಗ ಕೊರಳ ಸರದ ಮೇಲೆ ಕೈ ಆಡಿಸಲು ಹೊರಟು ಮಾತು ತಡವರಿಸಿ, ಯಾವುದೋ ಬೆಲೆಬಾಳುವ ಒಡವೆ ಎನ್ನುತ್ತಾನೆ. ಪಾರುಪತ್ಯಗಾರನ ಸರ ನೌಕರಿಯ ಗುರುತು, ಕೌಂಟ್ ಆದವನ ಕೊರಳಲ್ಲಿ ಅದು ಇರುವಂತಿಲ್ಲ. ಕನಸಿನ ನಡುವೆ ಅವನಿಗೇ ಅದು ನೆನಪಾಗಿ ತಿದ್ದಿಕೊಂಡ ಹಾಗಿದೆ. ಮರಿಯಾಳ ಪತ್ರ ಅವನಲ್ಲಿ ಆಸೆ ಹುಟ್ಟಿಸಲಿಲ್ಲ, ಇದ್ದ ಆಸೆಗೆ ಸಾಕ್ಷಿ ಒದಗಿಸಿತು. ಪತ್ರದಲ್ಲಿರುವ ‘ಎಂ, ಓ, ಎ, ಐ’ ಎಂಬ ಅಕ್ಷರಗಳು ತನ್ನ ಹೆಸರಿನ ಕ್ರಮದಲ್ಲಿಲ್ಲ ಎಂದು ಅವನಿಗೆ ಕಾಣುತ್ತದೆ, ಆದರೂ ಸ್ವಲ್ಪ ಜಜ್ಜಿದರೆ ತನಗೆ ಹೊಂದೀತು ಎನ್ನುತ್ತಾನೆ. ಆತ್ಮವಂಚನೆಯ ಬಗ್ಗೆ ಬರೆಯಲು ಇದಕ್ಕಿಂತ ಒಳ್ಳೆಯ ಪುರಾವೆ ನಾಟಕದಲ್ಲಿ ಇಲ್ಲ.

ಟೋಬಿ ಮತ್ತು ಆಂಡ್ರ್ಯೂ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಇವರ ಗೆಳೆತನದ ಬುಡದಲ್ಲಿ ಇರುವುದು ಹಣ ಎಂಬುದೊಂದನ್ನು ಮರೆಯದಿದ್ದರೆ ಸಾಕು. ಆಂಡ್ರ್ಯೂಗೆ ವರ್ಷಕ್ಕೆ 3,000 ಡುಕಾಟ್ ವರಮಾನವಿದೆ ಎಂದು ಟೋಬಿಯೇ 1.3ರಲ್ಲಿ ಹೇಳುತ್ತಾನೆ, 5.1ರಲ್ಲಿ ಅವನನ್ನು ಕತ್ತೆ ಎಂದು ಬೈದು ತಳ್ಳುತ್ತಾನೆ. 2.3ರಲ್ಲಿ ಆಂಡ್ರ್ಯೂ ಹೇಳುವ ‘ನನ್ನನ್ನೂ ಒಮ್ಮೆ ಯಾರೋ ಆರಾಧಿಸಿದ್ದರು’ ಎಂಬ ಒಂದೇ ಸಾಲು ಆ ಪಾತ್ರವನ್ನು ಬರೀ ಕೋಡಂಗಿಯಾಗದಂತೆ ಕಾಯುತ್ತದೆ.

ಆಂಟೋನಿಯೋನನ್ನು ಮಾತ್ರ ಬಿಡಬೇಡಿ. ಓರ್ಸೀನೋನ ಊರಿನಲ್ಲಿ ತಲೆಗೆ ಅಪಾಯವಿದ್ದರೂ ಸೆಬಾಸ್ಟಿಯನ್‌ನ ಹಿಂದೆ ಬಂದು, ಹಣದ ಚೀಲವನ್ನೇ ಕೈಗಿತ್ತು, ಅವನೆಂದೇ ತಿಳಿದು ವಯೋಲಳನ್ನು ಕಾಪಾಡಲು ಹೋಗಿ ಸೆರೆ ಸಿಕ್ಕವನು. ಕೇಳದೆ ಕೊಡುವ ಪ್ರೀತಿ ಯಾವುದೆಂದರೆ ನಾಟಕದಲ್ಲಿ ವಯೋಲಳದ್ದು, ಇವನದ್ದು. ಅವಳಿಗಳು ಎದುರುಬದುರಾದಾಗ ‘ಇವರಲ್ಲಿ ಸೆಬಾಸ್ಟಿಯನ್ ಯಾರು?’ ಎಂದು ಕೇಳುತ್ತಾನೆ. ಅದು ಅವನ ಕೊನೆಯ ಮಾತು. ಆಮೇಲೆ ಜೋಡಿಗಳೆಲ್ಲ ಕೂಡುತ್ತಿರುವಾಗ ಶೇಕ್ಸ್‌ಪಿಯರ್ ಅವನಿಗೆ ಒಂದು ಅಕ್ಷರವನ್ನೂ ಕೊಟ್ಟಿಲ್ಲ.

ವಸ್ತುವನ್ನು ವಾಕ್ಯವಾಗಿ ಬರೆಯುವುದು

‘ಪ್ರೇಮ’ ಎಂಬುದು ವಿಷಯ, ಅದರ ಬಗ್ಗೆ ನಾಟಕ ಏನು ಹೇಳುತ್ತದೆ ಎಂಬುದು ವಸ್ತು. ಆದ್ದರಿಂದ ವಸ್ತು ಯಾವಾಗಲೂ ಕ್ರಿಯಾಪದವಿರುವ ಪೂರ್ಣ ವಾಕ್ಯವಾಗಿರಲಿ. ‘ನಾಟಕದಲ್ಲಿ ಹುಚ್ಚು ಮುಖ್ಯ ವಸ್ತು’ ಎಂಬುದನ್ನು ಯಾರೂ ಅಲ್ಲಗಳೆಯಲಾರರು, ಹಾಗಾಗಿ ಅದರಿಂದ ಪ್ರಯೋಜನವಿಲ್ಲ. ‘ಅಧಿಕಾರವಿದ್ದವರ ಮರುಳನ್ನು ಪ್ರೇಮ ಎನ್ನುವ ಮನೆಯೇ ನೌಕರನ ಮರುಳನ್ನು ಹುಚ್ಚು ಎಂದು ಕತ್ತಲಲ್ಲಿ ಕೂಡಿಹಾಕುತ್ತದೆ’ ಎಂದು ಬರೆದರೆ ಅದಕ್ಕೆ ಪುರಾವೆ ಬೇಕಾಗುತ್ತದೆ, ಎದುರುವಾದವೂ ಸಾಧ್ಯ. ಪುರಾವೆ ಹುಡುಕಿ: ಒಲಿವಿಯಾಳೂ 3.4ರಲ್ಲಿ ತಾನು ಮಾಲ್ವೋಲಿಯೋನಷ್ಟೇ ಹುಚ್ಚಿ ಎಂದು ಒಪ್ಪಿಕೊಳ್ಳುತ್ತಾಳೆ. 4.3ರಲ್ಲಿ ಸೆಬಾಸ್ಟಿಯನ್ ತನಗೆ ಹುಚ್ಚೋ ಅವಳಿಗೆ ಹುಚ್ಚೋ ಎಂದು ಯೋಚಿಸಿಯೂ ಮದುವೆಗೆ ಹೋಗುತ್ತಾನೆ. 4.2ರಲ್ಲಿ ಪಾದ್ರಿಯ ವೇಷದ ಫೆಸ್ಟಿ, ಗ್ರೀಕ್ ತತ್ವಜ್ಞಾನಿ ಪೈಥಾಗೊರಸನ ಮತವೇನೆಂದು ಕೇಳುವ ಪ್ರಶ್ನೆಗೆ ಸರಿಯಾಗಿ ಉತ್ತರಿಸುವ ಮಾಲ್ವೋಲಿಯೋ ಮಾತ್ರ ಕತ್ತಲಲ್ಲೇ ಉಳಿಯುತ್ತಾನೆ. ಒಂದು ವಾಕ್ಯಕ್ಕೆ ಮೂರು ಬೇರೆ ಬೇರೆ ದೃಶ್ಯದ ಪುರಾವೆ ಸಿಗದಿದ್ದರೆ ವಾಕ್ಯವನ್ನು ಬದಲಿಸಿ, ಪುರಾವೆಯನ್ನು ಹಿಗ್ಗಿಸಬೇಡಿ.

ಪತ್ರದ ಮಾತು ನಂಬಿ ಮಾಲ್ವೋಲಿಯೋ ತೊಡುವ ಹಳದಿ ಸ್ಟಾಕಿಂಗ್ಸ್ ಏಕೆ ಅಷ್ಟು ನಗೆಗೀಡು ಎಂದು ಕೇಳುವವರಿದ್ದಾರೆ. ಎಲಿಜಬೆತ್‌ಳ ಇಂಗ್ಲೆಂಡಿನಲ್ಲಿ ಯಾವ ಅಂತಸ್ತಿನವರು ಯಾವ ಬಟ್ಟೆ ಉಡಬಹುದು ಎಂಬುದಕ್ಕೆ ಕಾನೂನೇ ಇತ್ತು. ವಯೋಲ ಗಂಡುಡುಗೆ ತೊಟ್ಟು ಡ್ಯೂಕನ ಹೆಂಡತಿಯಾಗುವ ಹಂತಕ್ಕೆ ಬರುತ್ತಾಳೆ, ಮಾಲ್ವೋಲಿಯೋ ಸ್ಟಾಕಿಂಗ್ಸ್ ತೊಟ್ಟು ಕತ್ತಲ ಕೋಣೆ ಸೇರುತ್ತಾನೆ. ವಯೋಲ ತನ್ನದು ವೇಷವೆಂದು ಮರೆಯುವುದಿಲ್ಲ, ಜೊತೆಗೆ ಅವಳು ಹುಟ್ಟಿನಿಂದ ದೊಡ್ಡ ಮನೆಯವಳು. ಎರಡರಲ್ಲಿ ಯಾವ ಕಾರಣ ಹೆಚ್ಚು ಬಲವಾದದ್ದು ಎಂಬುದರ ಮೇಲೆ ಒಂದು ಇಡೀ ಪ್ರಬಂಧ ನಿಲ್ಲಿಸಬಹುದು.

ಎಲ್ಲಿ ತಪ್ಪಾಗುತ್ತದೆ

‘ಸಂಗೀತವು ಪ್ರೇಮದ ಆಹಾರವಾದರೆ ನುಡಿಸಿ’ ಎಂಬ ಮೊದಲ ಸಾಲನ್ನು ಪ್ರೇಮದ ಸ್ತುತಿಯೆಂದು ಉದ್ಧರಿಸುತ್ತಾರೆ. ಮುಂದಿನ ಸಾಲುಗಳನ್ನು ಓದಿ. ಅತಿಯಾಗಿ ಉಣಿಸಿ, ಹಸಿವೇ ಸಾಯಲಿ ಎಂದು ಅವನು ಕೇಳುತ್ತಿದ್ದಾನೆ, ಕೆಲವೇ ಕ್ಷಣದಲ್ಲಿ ಸಾಕು ನಿಲ್ಲಿಸಿ ಎನ್ನುತ್ತಾನೆ. ‘ಕೆಲವರು ಹುಟ್ಟಿನಿಂದ ದೊಡ್ಡವರು’ ಎಂಬ ಪ್ರಸಿದ್ಧ ಮಾತನ್ನು ಶೇಕ್ಸ್‌ಪಿಯರನ ಜೀವನದರ್ಶನವೆಂದು ಗೋಡೆಗೆ ಬರೆಯುವವರಿದ್ದಾರೆ. ಅದು ಇರುವುದು ಮರಿಯಾ ಬರೆದ ಹುಸಿ ಪತ್ರದಲ್ಲಿ, ಒಬ್ಬನನ್ನು ಬೀಳಿಸಲು ಇಟ್ಟ ಬಲೆಯಾಗಿ. ಯಾವ ಸಾಲು ಉದ್ಧರಿಸಿದರೂ ಯಾರು, ಯಾರಿಗೆ, ಏಕೆ ಹೇಳಿದರು ಎಂದು ಜೊತೆಗೇ ಬರೆಯಿರಿ.

ವಯೋಲ ಓರ್ಸೀನೋನನ್ನು ಗೆಲ್ಲಲು ವೇಷ ಹಾಕಿದಳು ಎಂಬುದು ಇನ್ನೊಂದು ತಪ್ಪು. 1.2ರಲ್ಲಿ ಅವಳು ಮೊದಲು ಸೇರಲು ಬಯಸುವುದು ಒಲಿವಿಯಾಳ ಸೇವೆಗೆ. ಆ ಬಾಗಿಲು ಮುಚ್ಚಿದೆ ಎಂದು ಕಪ್ತಾನ ಹೇಳಿದ ಮೇಲೆ ಡ್ಯೂಕನ ಮನೆಯ ಮಾತು. ಮಾಲ್ವೋಲಿಯೋ ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರಾಟೆಸ್ಟಂಟ್ ಪಂಥದವನು) ಎಂದು ಖಚಿತವಾಗಿ ಬರೆಯುವುದೂ ಸರಿಯಲ್ಲ. ಮರಿಯಾ 2.3ರಲ್ಲಿ ಒಮ್ಮೆ ಹಾಗೆಂದು, ಕೂಡಲೇ ಅಲ್ಲ, ಅವನು ಸಮಯಸಾಧಕ ಎಂದು ತಿದ್ದುತ್ತಾಳೆ. ಶೇಕ್ಸ್‌ಪಿಯರನ ಮಗ, ಅವಳಿಗಳಲ್ಲಿ ಒಬ್ಬನಾದ ಹ್ಯಾಮ್ನೆಟ್, 1596ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ತೀರಿಕೊಂಡದ್ದು ನಿಜ. ಅದನ್ನು ಒಂದು ಸಾಲಿನಲ್ಲಿ ಸ್ಮರಿಸಬಹುದು, ಇಡೀ ನಾಟಕದ ಕೀಲಿಕೈ ಮಾಡಿದರೆ ಪಠ್ಯ ಓದುವ ಕೆಲಸ ನಿಂತುಹೋಗುತ್ತದೆ.

ಕೊನೆಯ ದೃಶ್ಯವನ್ನು ‘ಎಲ್ಲರೂ ಸುಖವಾಗಿದ್ದರು’ ಎಂದು ಮುಗಿಸಬೇಡಿ. ಒಂದು ಪುಟದಲ್ಲಿ ಸಿಕ್ಕಿದವರನ್ನು, ಸಿಗದವರನ್ನು ಬರೆಯಿರಿ. ಜೋಡಿಗಳು ಮೂರು, ಅದರಲ್ಲಿ ಟೋಬಿ–ಮರಿಯಾರ ಮದುವೆ ಫೇಬಿಯನ್ ಹೇಳಿ ತಿಳಿಯುವ ಸುದ್ದಿ ಅಷ್ಟೇ. ಹೊರಗೆ ಉಳಿದವರು ಮಾಲ್ವೋಲಿಯೋ, ಆಂಟೋನಿಯೋ, ಆಂಡ್ರ್ಯೂ, ಫೆಸ್ಟಿ. ‘ವಯೋಲ’ ಎಂಬ ಹೆಸರು ರಂಗದ ಮೇಲೆ ಮೊದಲು ಕೇಳುವುದೇ ಈ ದೃಶ್ಯದಲ್ಲಿ, ಸೆಬಾಸ್ಟಿಯನ್‌ನ ಬಾಯಲ್ಲಿ. ಅವಳ ಹೆಣ್ಣುಡುಗೆ ಕಪ್ತಾನನ ಬಳಿ ಇದೆ, ಕಪ್ತಾನ ಮಾಲ್ವೋಲಿಯೋ ಹೂಡಿದ ದಾವೆಯಿಂದ ಸೆರೆಯಲ್ಲಿದ್ದಾನೆ, ಮಾಲ್ವೋಲಿಯೋ ನಿಮ್ಮೆಲ್ಲರ ಮೇಲೂ ಸೇಡು ತೀರಿಸಿಕೊಳ್ಳುತ್ತೇನೆಂದು ಹೊರಟುಹೋಗಿದ್ದಾನೆ. ಹಾಗಾಗಿ ಪರದೆ ಬೀಳುವವರೆಗೂ ವಯೋಲ ಗಂಡುಡುಗೆಯಲ್ಲೇ ಇರುತ್ತಾಳೆ, ಓರ್ಸೀನೋ ಅವಳನ್ನು ಕರೆಯುವುದೂ ಸಿಸಾರಿಯೋ ಎಂದೇ. ಉಪಕಥೆಯ ಸಿಟ್ಟು ಇಳಿಯದೆ ಮುಖ್ಯಕಥೆಯ ಮದುವೆ ನಡೆಯದಂತೆ ಎರಡನ್ನೂ ಹೆಣೆದಿರುವುದು ಇಲ್ಲಿ ಕಾಣುತ್ತದೆ.

ಪರೀಕ್ಷೆಯಲ್ಲಿ ಹತ್ತು ಅಂಕದ ಉತ್ತರವಾದರೆ ವಸ್ತುವಿನ ವಾಕ್ಯ ಒಂದು, ಪುರಾವೆ ಮೂರು, ಎದುರುವಾದ ಒಂದು, ಇಷ್ಟಕ್ಕೆ ಒಂದೂವರೆ ಪುಟ ಸಾಕು. ಉದ್ಧರಣೆ ಒಂದು ಸಾಲು ಮೀರದಿರಲಿ. ಬರೆದು ಮುಗಿಸಿದ ಮೇಲೆ ಕಥೆ ಹೇಳುವ ವಾಕ್ಯಗಳ ಕೆಳಗೆಲ್ಲ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಗೆರೆ ಬಿದ್ದದ್ದು ಉತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಅಷ್ಟನ್ನು ತೆಗೆದು, ಆ ಜಾಗದಲ್ಲಿ ನಿಮ್ಮ ಪುರಾವೆ ಏನನ್ನು ತೋರಿಸುತ್ತದೆ ಎಂದು ಬರೆಯಿರಿ.